ರೋಗಿ ಹೇಳಿದ್ದು, ನಾವು ಬರೆದದ್ದು

ನನ್ನ ತಂಗಿಯ ಮಗಳು ಈ ವರ್ಷ ಒಂದು ನರ್ಸಿಂಗ್ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಕೆಲಸಕ್ಕೆ ಸೇರಿದ್ದಾಳೆ. ಮೊದಲ ವಾರವೇ ನನ್ನ ಹತ್ತಿರ ಬಂದು, "ದೊಡ್ಡಮ್ಮ, ಆ ಹುಡುಗೀರಿಗೆ ಗ್ರಾಮರೇ ಬರಲ್ಲ. ಎಲ್ಲಿಂದ ಶುರು ಮಾಡ್ಲಿ?" ಅಂತ ಕೇಳಿದಳು. ಕಾಫಿ ಕೊಟ್ಟು ಕಳಿಸಿದೆನೇ ಹೊರತು ಉತ್ತರ ಹೇಳಲಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಅದೇ ಕೆಲಸ ಮಾಡಿದವಳು ನಾನು. ಆದರೆ ಅದು ನಿಂತ ನಿಲುವಿನಲ್ಲಿ ಹೇಳಿ ಮುಗಿಸುವಂಥದಲ್ಲ. ಅವಳು ಹೋದ ಮೇಲೆ ಕೂತು ಯೋಚಿಸಿದರೆ ನೆನಪಿಗೆ ಬಂದದ್ದೆಲ್ಲ ಮೊದಲ ಹತ್ತು ವರ್ಷಗಳದ್ದೇ. ಅಷ್ಟನ್ನು ಬರೆದಿಟ್ಟರೆ ಅವಳಿಗೂ ಅವಳಂಥವರಿಗೂ ಸಾಕು.

ನಾನು ಹೊಳೆನರಸೀಪುರದವಳು. ಅಪ್ಪ ಅಲ್ಲಿ ಮಿಡ್ಲ್ ಸ್ಕೂಲ್ ಮೇಷ್ಟ್ರು. ಐವತ್ತರ ದಶಕದ ನಡುವೆ ನಾನು ಇಂಟರ್‌ಮೀಡಿಯೆಟ್ ಮುಗಿಸಿ ಮನೆಯಲ್ಲಿ ಕೂತಿದ್ದಾಗ, ಹಾಸನದ ಒಂದು ಆಸ್ಪತ್ರೆಯಲ್ಲಿ ನರ್ಸ್ ತರಬೇತಿಯ ಹುಡುಗಿಯರಿಗೆ ಇಂಗ್ಲಿಷ್ ಹೇಳಿಕೊಡಲು ಒಬ್ಬ ಹೆಂಗಸು ಬೇಕಂತೆ ಅಂತ ಯಾರೋ ಅಪ್ಪನಿಗೆ ಹೇಳಿದರು. ಹೆಂಗಸರಿಗೂ ಮಕ್ಕಳಿಗೂ ಅಂತ ಇದ್ದ, ನಲವತ್ತು ಹಾಸಿಗೆಯ ಸಣ್ಣ ಆಸ್ಪತ್ರೆ ಅದು. ಕೆಲವು ಕಾಫಿ ತೋಟದ ಮಾಲೀಕರು ಸೇರಿ ನಡೆಸುತ್ತಿದ್ದರು. ಅದು ಮುಚ್ಚಿ ಎಷ್ಟೋ ವರ್ಷವಾಯಿತು, ಹೆಸರು ಬೇಡ.

ಅಲ್ಲಿನ ಮೇಟ್ರನ್ ಮಿಸ್ ಹಾರ್ಟನ್ ಇಂಗ್ಲೆಂಡಿನವರು. ಎತ್ತರದ ಆಳು, ಕೆಂಪು ಕೈಗಳು, ಓಡುನಡಿಗೆ. ರೋಗಿಗಳು ಅವರನ್ನು ದೊರೆಸಾನಿ ಅನ್ನುತ್ತಿದ್ದರು. ಅವರಿಗೆ ಬರುತ್ತಿದ್ದ ಕನ್ನಡ "ಬಾಯಿ ತೆಗಿ", "ಉಸಿರು ಎಳಿ", "ಅಳಬೇಡ" ಇಷ್ಟೇ. ಡಾಕ್ಟರರು ಮದರಾಸಿನ ಕಡೆಯವರು. ಆದ್ದರಿಂದ ರೋಗಿ ಹೇಗಿದ್ದಾಳೆ, ಏನು ತಿಂದಳು, ಎಲ್ಲಿ ನೋವು ಅಂದಳು ಎಂಬುದನ್ನೆಲ್ಲ ಹುಡುಗಿಯರು ಇಂಗ್ಲಿಷಿನಲ್ಲೇ ಬರೆಯಬೇಕಿತ್ತು. ಹುಡುಗಿಯರು ಹನ್ನೊಂದು ಮಂದಿ. ಲೋಯರ್ ಸೆಕೆಂಡರಿ ಪಾಸು ಮಾಡಿ ಚನ್ನರಾಯಪಟ್ಟಣ, ಅರಕಲಗೂಡು, ನಮ್ಮ ಹೊಳೆನರಸೀಪುರದ ಕಡೆಯ ಹಳ್ಳಿಗಳಿಂದ ಬಂದವರು. ಅಡಿಗೆಮನೆಯ ಪಕ್ಕದ ಜಗಲಿಯೇ ನಮ್ಮ ತರಗತಿ. ಸಾರಿನ ಒಗ್ಗರಣೆ ಬಿದ್ದರೆ ಎಲ್ಲರೂ ಸೀನುತ್ತಿದ್ದೆವು.

ನಾನು ಕಾಲೇಜಿನಲ್ಲಿ ಕಲಿತಂತೆಯೇ ಕಲಿಸಲು ಹೊರಟೆ. ಮೊದಲ ಪಾಠ ರಜಾ ಅರ್ಜಿ. "ನಿನ್ನೆಯಿಂದ ಜ್ವರದಿಂದ ನರಳುತ್ತಿರುವುದರಿಂದ ಎರಡು ದಿನ ರಜಾ ದಯಪಾಲಿಸಬೇಕಾಗಿ ಅತ್ಯಂತ ವಿನಯಪೂರ್ವಕ ಬೇಡುತ್ತೇನೆ" ಎಂಬ ಮಾದರಿ ಪತ್ರವನ್ನು ಇಂಗ್ಲಿಷಿನಲ್ಲಿ ಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸಿದೆ. ಎಲ್ಲರೂ ತಪ್ಪಿಲ್ಲದೆ ಬರೆದರು. ನನಗೆ ಹೆಮ್ಮೆಯೋ ಹೆಮ್ಮೆ.

ಎರಡು ತಿಂಗಳು ಕಳೆದಿರಬೇಕು. ಒಂದು ಬೆಳಗ್ಗೆ ಮೇಟ್ರನ್ ನನ್ನನ್ನು ಕರೆಸಿದರು. ಮೇಜಿನ ಮೇಲೆ ನಾಲ್ಕು ಅರ್ಜಿ. ನಾಲ್ವರಿಗೂ ಜ್ವರ! ಅವರು ಆಗಲೇ ಆ ನಾಲ್ವರನ್ನು ಬೇರೆ ಕೋಣೆಗೆ ಹಾಕಿಸಿ, ಮಲಗಿಸಿ, ರಕ್ತ ತೆಗೆಸಿ, ಬರೀ ಗಂಜಿ ಕೊಡಲು ಹೇಳಿದ್ದರು. ಅರ್ಜಿಯೊಂದನ್ನು ನನ್ನ ಮುಂದೆ ಹಿಡಿದು, "ಈ ಹುಡುಗಿ ಮುಂದಿನ ಸೋಮವಾರದಿಂದ ಜ್ವರ ಅಂತ ಬರೆದಿದ್ದಾಳೆ. ಸೋಮವಾರ ಜ್ವರ ಬರುತ್ತದೆ ಅಂತ ಇವಳಿಗೆ ಇವತ್ತೇ ಹೇಗೆ ಗೊತ್ತು?" ಅಂದರು.

ಅದು ದೇವೀರಮ್ಮನ ಅರ್ಜಿ. ಅರಕಲಗೂಡಿನ ಆಚೆಯ ಒಂದು ಹಳ್ಳಿಯವಳು. ಅಪ್ಪ ಅಮ್ಮ ಹೊಗೆಸೊಪ್ಪಿನ ಹೊಲಗಳಲ್ಲಿ ಕೂಲಿ. ಅವರ ಕೇರಿಯಲ್ಲಿ ಅಷ್ಟು ಓದಿದ ಮೊದಲ ಹೆಣ್ಣು ಅವಳೇ. ಹೋಗಿ ನೋಡಿದರೆ ನಾಲ್ವರೂ ಗುಂಡುಕಲ್ಲಿನ ಹಾಗೆ ಆರೋಗ್ಯವಾಗಿ, ಕುತ್ತಿಗೆಯವರೆಗೆ ಕಂಬಳಿ ಹೊದ್ದು ಮಲಗಿದ್ದಾರೆ.

"ಇದೇನೇ ದೇವೀರಿ, ನಿಜ ಬರೀಬಾರದಾಗಿತ್ತಾ?" ಅಂದೆ.

"ಏನಂತ ಬರೀಲಿ ಟೀಚರ್? ನನ್ ತಂಗಿ ದೊಡ್ಡೋಳಾಗವ್ಳೆ. ಸ್ವಾಮಾರ ಒಸಗೆ. ಅದ್ನ ಇಂಗ್ಲೀಷ್ನಾಗೆ ಬರದ್ರೆ 'ಮೈ ಸಿಸ್ಟರ್ ಬಿಕೇಮ್ ಬಿಗ್' ಅಂತಾಯ್ತದೆ. ತಂಗಿ ಉದ್ದ ಬೆಳದ್ರೆ ಮೇಡಂ ನಂಗ್ಯಾಕೆ ರಜಾ ಕೊಟ್ಟಾರು? ನೀವು ಏಳ್ಕೊಟ್ಟಿದ್ದು ಜ್ವರ ಒಂದೇಯ."

ಉಳಿದವರದೂ ಅಷ್ಟೆ. ಒಬ್ಬಳ ಮನೆಯಲ್ಲಿ ಮದುವೆ, ಒಬ್ಬಳ ಮನೆಯಲ್ಲಿ ಅಕ್ಕನ ಬಾಣಂತನ, ಇನ್ನೊಬ್ಬಳದು ರಾಗಿ ಕುಯಿಲು. ನಾನು ಕೊಟ್ಟ ಇಂಗ್ಲಿಷಿನಲ್ಲಿ ಅವರ ಮನೆಯ ಯಾವ ಸಂಗತಿಗೂ ಜಾಗವಿರಲಿಲ್ಲ. ನಾಚಿಕೆಯಾಯಿತು. ಮೇಟ್ರನ್ನರ ಹತ್ತಿರ ಹೋಗಿ ಹುಡುಗಿ ಮೈನೆರೆದಾಗ ಮಾಡುವ ಒಸಗೆ ಅಂದರೇನು ಅಂತ ನನಗೆ ತಿಳಿದ ಹಾಗೆ ವಿವರಿಸಿದೆ. ಅವರು ಕೇಳಿಸಿಕೊಂಡು, "ಇದನ್ನು ಇಷ್ಟು ಸಂತೋಷವಾಗಿ ಮಾಡುತ್ತೀರಾ? ನನಗೆ ಆ ದಿನ ಯಾರೂ ಏನೂ ಹೇಳಿರಲಿಲ್ಲ. ಹೆದರಿ ಸತ್ತಿದ್ದೆ" ಅಂದರು. ನಾಲ್ವರಿಗೂ ರಜಾ ಸಿಕ್ಕಿತು. ದೇವೀರಮ್ಮನ ತಂಗಿಗೆ ಅಂತ ಒಂದು ಹಸಿರು ರೇಷ್ಮೆ ಟೇಪು ಕೊಟ್ಟು ಕಳಿಸಿದರು. ಅಂದಿನಿಂದ ನಾನು ಮಾದರಿ ಪತ್ರ ಕೊಡುವುದನ್ನೇ ಬಿಟ್ಟೆ. ಮೊದಲು ಕನ್ನಡದಲ್ಲಿ ಹೇಳಿ, ಆಮೇಲೆ ಅದನ್ನೇ ಇಂಗ್ಲಿಷಿಗೆ ತರೋಣ ಎನ್ನುವುದು ಹೊಸ ಕ್ರಮವಾಯಿತು.

ಇನ್ನೊಂದು ತೊಡಕು ಹಕಾರದ್ದು. ನಮ್ಮ ಸೀಮೆಯ ಮಾತು ನಿಮಗೆ ಗೊತ್ತೇ ಇದೆ. ಹೋಗು ಅನ್ನುವುದು ಓಗು, ಹಂಗೆ ಅನ್ನುವುದು ಅಂಗೆ. ಹುಡುಗಿಯರು ಇಂಗ್ಲಿಷಿನಲ್ಲೂ ಹಕಾರ ನುಂಗುತ್ತಿದ್ದರು. ನಾನು ತಿದ್ದಿ ತಿದ್ದಿ, ಅವರು ಹೆದರಿ, ಇಲ್ಲದ ಕಡೆಯೂ ಹಕಾರ ಹಾಕತೊಡಗಿದರು. ಒಂದು ಸಲ ದೇವೀರಮ್ಮ ರೋಗಿ ಗಂಜಿ ಉಂಡಳು ಅಂತ ಬರೆಯಲು ಹೋಗಿ, 'ಏಟ್' ಎಂಬಲ್ಲಿ ಹಕಾರ ಸೇರಿಸಿ 'ಹೇಟ್' ಅಂತ ಬರೆದಳು. ಅಂದರೆ ರೋಗಿಗೆ ಗಂಜಿ ಕಂಡರಾಗುವುದಿಲ್ಲ ಅಂತಾಯಿತು. ಮೇಟ್ರನ್ ಗಂಜಿ ನಿಲ್ಲಿಸಿ ಹಾಲು ಬ್ರೆಡ್ಡು ಕೊಡಿಸಿದರು. ಎರಡು ದಿನವಾದ ಮೇಲೆ ಆ ರೋಗಿ, ಒಬ್ಬ ಮುದುಕಿ, ನನ್ನ ಸೆರಗು ಹಿಡಿದು, "ನಾನೇನ್ ತಪ್ಪು ಮಾಡ್ದೆ ತಾಯಿ? ಎಲ್ರಿಗೂ ಗಂಜಿ ಉಯ್ತಾರೆ, ನಂಗೆ ಮಾತ್ರ ಈ ಅತ್ತಿಯಂಥ ಬನ್ನು!" ಅಂತ ಅತ್ತಳು. ಅತ್ತಿ ಅಂದರೆ ಹತ್ತಿ!

ಮೇಟ್ರನ್ನರಿಗೆ ಹೇಳಿದಾಗ ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಆಮೇಲೆ ದೇವೀರಮ್ಮನನ್ನು ಕೂರಿಸಿಕೊಂಡು, ನನ್ನಿಂದ ಕನ್ನಡದಲ್ಲಿ ಹೇಳಿಸಿದರು: ಅವರ ಊರು ಇಂಗ್ಲೆಂಡಿನ ಉತ್ತರದ ಒಂದು ಗಣಿ ಊರು. ಅಲ್ಲೂ ಜನ ಹಕಾರ ನುಂಗುತ್ತಾರೆ. ಅವರ ತಾಯಿ ಸಾಯುವವರೆಗೂ ಹಕಾರವಿಲ್ಲದೆ 'ಆಸ್ಪಿಟಲ್' ಅಂತಲೇ ಅನ್ನುತ್ತಿದ್ದಳು. ತಾವು ನರ್ಸಿಂಗ್ ಕಲಿಯಲು ಪಟ್ಟಣಕ್ಕೆ ಹೋದಾಗ ಜೊತೆಯವರು ಅಣಕಿಸಿ ಅಳಿಸಿದ್ದರು.

"ಅಂಗಾರೆ ಮೇಡಮ್ಮೋರೂ ನಮ್ಮಂಗೇಯ," ಅಂದಳು ದೇವೀರಮ್ಮ. ಬಂದು ಅಷ್ಟು ದಿನಕ್ಕೆ ಅವಳು ಬಾಯಿ ತುಂಬ ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ.

ಇದಾದ ವರ್ಷಕ್ಕೆ ಅವಳು ಆಸ್ಪತ್ರೆ ಬಿಟ್ಟು ಹೋಗುವ ಸಂದರ್ಭ ಬಂತು. ಆ ಎರಡು ದಿನಗಳನ್ನು ನಾನು ವಿವರವಾಗಿಯೇ ಹೇಳಬೇಕು, ಏಕೆಂದರೆ ಅದರಲ್ಲಿ ತಪ್ಪು ನನ್ನದು.

ಕೊರವಂಗಲದಿಂದ ಸಣ್ಣಮ್ಮ ಎಂಬ ಹೆಂಗಸನ್ನು ಗಾಡಿಯಲ್ಲಿ ಕರೆತಂದರು. ಆಲೂಗೆಡ್ಡೆ ಅಗೆಯುವಾಗ ಗುದ್ದಲಿ ಪಾದದ ಮೇಲೆ ಬಿದ್ದಿತ್ತು. ಡಾಕ್ಟರು ಹೊಲಿಗೆ ಹಾಕಿದರು. ಗೊಬ್ಬರ ಹಾಕಿದ ಹೊಲದ ಮಣ್ಣು. ಧನುರ್ವಾಯು ಆಗದ ಹಾಗೆ ಇಂಜೆಕ್ಷನ್ ಕೊಡಲೇಬೇಕು. ಆಗಿನ ಕಾಲದಲ್ಲಿ ಅದನ್ನು ಮೊದಲು ಒಂದು ಚೂರು ಚರ್ಮದಡಿ ಕೊಟ್ಟು, ಅರ್ಧ ಗಂಟೆ ಕಾದು, ಏನೂ ತೊಂದರೆಯಾಗದಿದ್ದರೆ ಪೂರ್ತಿ ಕೊಡುತ್ತಿದ್ದರು. ಹಿರಿಯ ನರ್ಸು ಮೊದಲಿನದನ್ನು ಕೊಟ್ಟು, ದೇವೀರಮ್ಮನನ್ನು ಕಾವಲಿಗೆ ಕೂರಿಸಿದಳು. ಅಷ್ಟರಲ್ಲಿ ಹೆರಿಗೆ ಕೋಣೆಯಿಂದ ಕರೆ ಬಂದು ಅವಳು ಓಡಿದಳು. ಅತ್ತ ಕಡೆಯಿಂದ ಮೇಟ್ರನ್ ಬಂದರು. ಅವಸರದಲ್ಲಿದ್ದರು. ಬಾಗಿಲಲ್ಲೇ ನಿಂತು ಇಂಗ್ಲಿಷಿನಲ್ಲಿ ಕೇಳಿದರು: "ಇಂಜೆಕ್ಷನ್ ಇನ್ನೂ ಕೊಟ್ಟಿಲ್ಲವೆ?"

ದೇವೀರಮ್ಮ, "ಯೆಸ್ ಮೇಡಂ" ಅಂದಳು.

ಮೇಟ್ರನ್ ಕಾಗದದ ಮೇಲೆ ಕೊಟ್ಟಿದೆ ಅಂತ ಗುರುತು ಹಾಕಿದರು. ದೇವೀರಮ್ಮನನ್ನೂ ಹೆರಿಗೆ ಕೋಣೆಗೆ ಬಿಸಿನೀರು ಒಯ್ಯಲು ಕಳಿಸಿದರು. ಅವಳು ತಿರುಗಿ ಬರುವಷ್ಟರಲ್ಲಿ ಸಣ್ಣಮ್ಮನ ಗಾಡಿ ಹೊರಟುಹೋಗಿತ್ತು. ಮೇಟ್ರನ್ನರೇ ಕೊಟ್ಟು ಕಳಿಸಿರಬೇಕು ಅಂತ ಇವಳು ಸುಮ್ಮನಾದಳು.

ಮಾರನೆಯ ಬೆಳಗ್ಗೆ ಔಷಧಿ ಕಪಾಟು ನೋಡಿದರೆ ಇಂಜೆಕ್ಷನ್ ಅಲ್ಲೇ ಇದೆ. ಮೇಟ್ರನ್ನರ ಕೋಣೆಯಲ್ಲಿ ವಿಚಾರಣೆಯಾಯಿತು. ಹುಡುಗಿಯರ ನೋಟ್‌ಬುಕ್ ಕೊಡಲು ಹೋದ ನಾನೂ ಅಲ್ಲೇ ನಿಂತಿದ್ದೆ.

"ಇಂಜೆಕ್ಷನ್ ಕೊಟ್ಟಾಯಿತು ಅಂತ ನಿನ್ನೆ ನೀನು ನನಗೆ ಹೇಳಿದೆ."

"ನೋ ಮೇಡಂ."

"ಹೇಳಲಿಲ್ಲವೆ?"

"ಯೆಸ್ ಮೇಡಂ."

"ಯಾವುದು ನಿಜ? ಈಗ ನನ್ನ ಮುಂದೆ ನಿಂತು ಸುಳ್ಳು ಹೇಳುತ್ತಿಲ್ಲ ತಾನೆ?"

"ಯೆಸ್ ಮೇಡಂ."

ಮಿಸ್ ಹಾರ್ಟನ್ನರ ಮುಖ ಬಿಳಿಚಿತು. ಅವರು ಎಂದೂ ದನಿ ಎತ್ತಿದವರಲ್ಲ. ಅವತ್ತೂ ಎತ್ತಲಿಲ್ಲ. "ತಪ್ಪು ಮಾಡಿದರೆ ಕ್ಷಮಿಸಬಹುದು. ರೋಗಿಯ ವಿಷಯದಲ್ಲಿ ಸುಳ್ಳು ಹೇಳುವವಳು ನರ್ಸಾಗಲಾರಳು. ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗಲಿ," ಅಂದರು.

ಹೊರಗೆ ಬಂದು ದೇವೀರಮ್ಮ ಬಿಳಿ ಏಪ್ರನ್ ಬಿಚ್ಚಿ ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ಕೊಟ್ಟಳು. "ನಾನು ಸುಳ್ಳು ಏಳ್ನಿಲ್ಲ ಟೀಚರ್. ಕೊಟ್ಟಿಲ್ವಾ ಅಂದ್ರು. ಊ ಅಂದೆ. ಅಷ್ಟೇಯ. ನಮ್ಮಪ್ಪುಂಗೆ ಏನಂತ ಏಳ್ಲಿ?"

ಇಷ್ಟು ಸ್ಪಷ್ಟವಾಗಿ ಹೇಳಿದರೂ ನನ್ನ ತಲೆಗೆ ಹೋಗಲಿಲ್ಲ. ಹೆದರಿ ಸುಳ್ಳು ಹೇಳಿರಬೇಕು ಅಂತಲೇ ನಾನೂ ಅಂದುಕೊಂಡೆ. ಇದನ್ನು ಬರೆಯಲು ಈಗಲೂ ಕಷ್ಟವಾಗುತ್ತದೆ.

ಮೊದಲು ಸಣ್ಣಮ್ಮನಿಗೆ ಇಂಜೆಕ್ಷನ್ ಆಗಬೇಕಿತ್ತು. ಮೇಟ್ರನ್ ತಾವೇ ವ್ಯಾನು ತೆಗೆಸಿದರು. ಭಾಷೆಗೆ ಅಂತ ನನ್ನನ್ನು ಕರೆದರು. ನಾನು, "ದೇವೀರಮ್ಮನೂ ಬರಲಿ. ಆ ಹೆಂಗಸು ನಿನ್ನೆಯೆಲ್ಲ ಇವಳ ಕೈಯನ್ನೇ ಹಿಡಿದುಕೊಂಡಿದ್ದಳು. ಇವಳು ಹೇಳಿದರೆ ಕೇಳುತ್ತಾಳೆ," ಅಂದೆ. ಅವರು ಆಗಲಿ ಅಂದರು.

ಸಣ್ಣಮ್ಮನ ಮನೆ ಕೊರವಂಗಲದ ದೇವಸ್ಥಾನದ ಹಿಂದಿನ ಬೀದಿಯಲ್ಲಿತ್ತು. ಅವಳು ಜಗಲಿಯ ಮೇಲೆ ಕಾಲು ನೀಡಿ ಆಲೂಗೆಡ್ಡೆ ಆರಿಸುತ್ತಿದ್ದಳು. ಗಂಡ ರಂಗೇಗೌಡ ಚಾಪೆ ಹಾಸಿದ. ಮೇಟ್ರನ್ ನನಗೆ ಕಾಯದೆ, ಅಷ್ಟರಲ್ಲಿ ಹುಡುಗಿಯರಿಂದ ಕಲಿತಿದ್ದ ಹರಕು ಕನ್ನಡದಲ್ಲೇ ಅವನನ್ನು ಕೇಳಿದರು: "ನಿನ್ನೆ ಇಂಜೆಕ್ಷನ್ ಕೊಡಲಿಲ್ಲ?"

"ಊ ಕಣ್ರವ್ವ," ಅಂದ ರಂಗೇಗೌಡ.

ಮೇಟ್ರನ್ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ, "ದೇವರು ದೊಡ್ಡವನು. ಕೊಟ್ಟಿದ್ದಾರಂತೆ!" ಅಂದರು.

"ಇಲ್ಲ, ಕೊಟ್ಟಿಲ್ಲ ಅಂತಿದ್ದಾನೆ," ಅಂದೆ.

"ಊ ಅಂದನಲ್ಲ? ಊ ಅಂದರೆ ಯೆಸ್ ಅಲ್ಲವೆ?"

ಆಗ ನನ್ನ ತಲೆಗೆ ಹೋಯಿತು. ಕೊಟ್ಟಿಲ್ಲವೆ ಅಂತ ಕೇಳಿದರೆ ನಾವು ಹೌದು ಅನ್ನುತ್ತೇವೆ. ಹೌದು, ನೀವು ಹೇಳಿದ್ದು ಸರಿ, ಕೊಟ್ಟಿಲ್ಲ ಅಂತ ಅದರ ಅರ್ಥ. ಇಂಗ್ಲಿಷಿನವರು ಅಲ್ಲಿ ನೋ ಅನ್ನುತ್ತಾರೆ. ಅವರು ಯೆಸ್ ಅಂದರೆ ಕೊಟ್ಟಾಯಿತು ಅಂತಲೇ ಅರ್ಥ. ಮೊದಲ ವಾರ ಹಲಗೆಯ ಮೇಲೆ ಹೌದು ಅಂದರೆ ಯೆಸ್, ಇಲ್ಲ ಅಂದರೆ ನೋ ಅಂತ ಬರೆದು ಬಾಯಿಪಾಠ ಮಾಡಿಸಿದವಳು ನಾನು. ದೇವೀರಮ್ಮ ನನ್ನ ಪಾಠವನ್ನು ತಪ್ಪದೆ ಒಪ್ಪಿಸಿದ್ದಳು.

ಇಷ್ಟನ್ನೂ ಮೇಟ್ರನ್ನರಿಗೆ ಹೇಳಿದೆ. ಅವರು ನಂಬಿದರೋ ಇಲ್ಲವೋ ತಿಳಿಯಲಿಲ್ಲ. ರಂಗೇಗೌಡನ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ನೀನು ಊಟ ಮಾಡಿಲ್ಲ?"

"ಊ, ಇನ್ನೂ ಇಲ್ಲ. ನೀವು ಉಣ್ತೀರಾ?"

"ಹೆಣ್ಣು ಮಕ್ಕಳಿಲ್ಲ?"

"ಊ ಕಣ್ರವ್ವ, ಮೂರೂ ಗಂಡೇಯ."

ಬೇಲಿಯಾಚೆ ನೋಡುತ್ತಿದ್ದ ಪಕ್ಕದ ಮನೆಯ ಮುದುಕಿಯನ್ನೂ ಕೇಳಿದರು: "ನಿನಗೆ ಕಣ್ಣು ಕಾಣಲ್ಲ?"

"ಊ ಕನವ್ವ, ಎಡಗಣ್ಣು ಓಗಿ ಮೂರೊರ್ಸಾತು. ಔಸ್ತಿ ಐತಾ?"

ಮೇಟ್ರನ್ ಮತ್ತೇನೂ ಕೇಳಲಿಲ್ಲ. ಸಣ್ಣಮ್ಮನಿಗೆ ಮೊದಲ ಚೂರು ಕೊಟ್ಟು ಅರ್ಧ ಗಂಟೆ ಆ ಜಗಲಿಯ ಮೇಲೆ ಕೂತರು. ದೇವೀರಮ್ಮ ಸಣ್ಣಮ್ಮನ ಕೈ ಹಿಡಿದುಕೊಂಡಿದ್ದಳು. ಪೂರ್ತಿ ಇಂಜೆಕ್ಷನ್ ಆದ ಮೇಲೆ ಗೌಡ ಒಂದು ಮಂಕರಿ ಆಲೂಗೆಡ್ಡೆ ವ್ಯಾನಿಗೆ ಹಾಕಿದ.

ಊರು ದಾಟಿದ ಮೇಲೆ ಅವರು ವ್ಯಾನು ನಿಲ್ಲಿಸಲು ಹೇಳಿ, ಇಳಿದು ಹಿಂದೆ ಬಂದು ದೇವೀರಮ್ಮನ ಎದುರು ನಿಂತರು. "ತಪ್ಪು ನನ್ನದು. ನಾನು ಕ್ಷಮೆ ಕೇಳುತ್ತೇನೆ," ಅಂತ ಕನ್ನಡದಲ್ಲಿ ಹೇಳಿದರು. ಆ ಮಾತನ್ನು ಊರು ದಾಟುವವರೆಗೂ ನನ್ನಿಂದ ಕೇಳಿ ಕೇಳಿ ಕಲಿತಿದ್ದರು. ದೇವೀರಮ್ಮನಿಗೆ ಗಾಬರಿಯಾಯಿತು. ದೊರೆಸಾನಿ ತನ್ನೆದುರು ತಲೆ ತಗ್ಗಿಸಿ ನಿಂತದ್ದನ್ನು ಅವಳಿಗೆ ತಡೆಯಲಾಗಲಿಲ್ಲ. "ಬುಡಿ ಮೇಡಂ, ಬುಡಿ," ಅಂದಳು.

"ನನ್ನ ಮೇಲೆ ಕೋಪ ಇಲ್ಲ ತಾನೆ?" ಅಂತ ಅವರು ಇಂಗ್ಲಿಷಿನಲ್ಲಿ ಕೇಳಿದರು.

"ಯೆಸ್ ಮೇಡಂ!"

ಮೊದಲು ನಕ್ಕವರು ಮೇಟ್ರನ್ನೇ. ದೇವೀರಮ್ಮನಿಗೆ ಏಪ್ರನ್ನನ್ನು ಅವರೇ ತೊಡಿಸಿದರು. ನಾನು ಅದನ್ನು ಮಡಿಲಲ್ಲಿಟ್ಟುಕೊಂಡೇ ಬಂದಿದ್ದೆ.

ಅಂದಿನಿಂದ ಆಸ್ಪತ್ರೆಯಲ್ಲಿ ಒಂದು ಕಟ್ಟಳೆಯಾಯಿತು. ಯಾರೂ ಯಾರನ್ನೂ 'ಇಲ್ಲವೆ' ಅಂತ ಕೇಳಕೂಡದು. ಉತ್ತರವನ್ನು ಒಂದೇ ಶಬ್ದದಲ್ಲಿ ಕೊಡಕೂಡದು. ಕೊಟ್ಟಿದ್ದೇನೆ, ಕೊಟ್ಟಿಲ್ಲ ಅಂತ ಪೂರ್ತಿ ವಾಕ್ಯ ಹೇಳಬೇಕು. ಮೊದಮೊದಲು ಡಾಕ್ಟರಿಗೆ ಇದು ಮಕ್ಕಳಾಟ ಅನ್ನಿಸಿತು; ಆರು ತಿಂಗಳಲ್ಲಿ ಅವರೂ ಹಾಗೆಯೇ ಮಾತಾಡತೊಡಗಿದರು.

ನಾನು ಗ್ರಾಮರ್ ಪುಸ್ತಕವನ್ನು ಪಕ್ಕಕ್ಕಿಟ್ಟು ಒಂದು ದಪ್ಪ ನೋಟ್‌ಬುಕ್ ಮಾಡಿದೆ. ಒಂದು ಪುಟದಲ್ಲಿ ಮೂರು ಮನೆ: ರೋಗಿ ಹೇಳಿದ್ದು, ಅದರ ಅರ್ಥ, ಇಂಗ್ಲಿಷಿನಲ್ಲಿ ಬರೆಯುವುದು ಹೇಗೆ. ಹೊಟ್ಟೆ ತೊಳಸ್ತದೆ ಅಂದರೆ ಹೊಟ್ಟೆಯನ್ನು ಯಾರೂ ತೊಳೆಯುತ್ತಿಲ್ಲ, ವಾಂತಿ ಬರುವ ಹಾಗಿದೆ. ಕಾಲು ಅಂದರೆ ಪಾದವೋ ತೊಡೆಯೋ ಬೆರಳಿಟ್ಟು ತೋರಿಸಲಿ. ಎದೆ ಅಂದರೆ ಹೃದಯವಾಗಬಹುದು, ಮೊಲೆಯೂ ಆಗಬಹುದು. ನಾಚಿಕೆಗೆ ಹೆಂಗಸರು ಎದೆ ಅಂದೇ ಸುಮ್ಮನಾಗುತ್ತಾರೆ. ವಾರಕ್ಕೊಮ್ಮೆ ವ್ಯಾನು ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಹಳ್ಳಿಗಳಿಗೆ ಹೋಗುವಾಗ ನಾನೂ ಹೋಗಿ ಮಾತು ಆಯ್ದು ತರುತ್ತಿದ್ದೆ.

ನೋಟ್‌ಬುಕ್ ಮಾಡಿದವಳೇ ಎಡವಿದ್ದೂ ಉಂಟು. ಒಂದು ಹುಡುಗಿ, ಮಕ್ಕಳ ವಾರ್ಡಿನ ಒಂದು ಮಗುವಿಗೆ 'ಅಮ್ಮ ಹ್ಯಾಸ್ ಕಮ್' ಅಂತ ಬರೆದಿದ್ದಳು. ಇಂಗ್ಲಿಷ್ ವಾಕ್ಯದಲ್ಲಿ ಅಮ್ಮ ಏಕೆ ಅಂತ ನಾನು ಆ ಶಬ್ದ ಹೊಡೆದು 'ಮದರ್' ಅಂತ ಮಾಡಿದೆ. ತಾಯಿ ಬಂದದ್ದು ಒಳ್ಳೆಯದಾಯಿತು ಅಂದುಕೊಂಡರು ಮೇಟ್ರನ್. ಮಗುವಿನ ಮೈಮೇಲೆ ಎದ್ದದ್ದು ಸೀತಾಳೆ ಸಿಡುಬಿನ ಅಮ್ಮ! ಒಂದು ಹಗಲು ಆ ಮಗು ಎಲ್ಲರ ನಡುವೆ ಇತ್ತು. ಮತ್ತೆ ಮೂರು ಮಕ್ಕಳಿಗೆ ಹಬ್ಬಿ, ಎಲ್ಲವೂ ಗುಣವಾಗುವವರೆಗೆ ನನಗೆ ಅನ್ನ ಇಳಿಯಲಿಲ್ಲ. ಕೇಳದೆ ತಿದ್ದಬಾರದು ಅಂತ ನಾನು ಕಲಿತದ್ದು ಹಾಗೆ.

ಈಗ ಕೊನೆಯದು. ಅರವತ್ತರ ದಶಕದ ಮೊದಲ ವರ್ಷಗಳು. ದೇವೀರಮ್ಮ ತರಬೇತಿ ಮುಗಿಸಿ ಮಕ್ಕಳ ವಾರ್ಡಿನಲ್ಲೇ ನರ್ಸಾಗಿದ್ದಳು. ಚನ್ನರಾಯಪಟ್ಟಣದ ಹತ್ತಿರದ ಹಳ್ಳಿಯಿಂದ ಗೌರಿ ಎಂಬ ಮೂರು ವರ್ಷದ ಮಗುವನ್ನು ತಂದರು. ನ್ಯುಮೋನಿಯಾ, ತಂದದ್ದು ತಡವಾಗಿತ್ತು. ತಾಯಿ ಜಯಮ್ಮ ಐದು ದಿನ ಕಣ್ಣು ಮುಚ್ಚಿರಲಿಲ್ಲ. ಒಂದು ಮಧ್ಯಾಹ್ನ ಮಗು ಹೋಗಿಬಿಟ್ಟಿತು.

ದೇವೀರಮ್ಮ ವರದಿಯ ಕಾಗದ ಹಿಡಿದು ನನ್ನ ಜಗಲಿಗೆ ಬಂದಳು. ಆಗ ಅವಳಿಗೆ ನನ್ನ ಸಹಾಯವೇನೂ ಬೇಕಿರಲಿಲ್ಲ. ನನಗಿಂತ ಚೆನ್ನಾಗಿ ಬರೆಯುತ್ತಿದ್ದಳು.

"ಏನಂತ ಬರೀಲಿ ಟೀಚರ್?"

"ಎಕ್ಸ್‌ಪೈರ್ಡ್ ಅಂತ ಬರೆಯೋದು ಪದ್ಧತಿ."

"ಔಸ್ತಿ ಬಾಟ್ಲಿ ಮೇಲೆ ಇರ್ತದಲ್ಲ, ಅದೇ ಮಾತಲ್ವಾ? ಕೂಸಿಗೆ ಅಂಗೆ ಬರೀಬೈದಾ?"

"ನೀನು ಕಂಡದ್ದನ್ನು ಬರಿ," ಅಂದೆ. ಅವಳು ಅಲ್ಲೇ ಕೂತು ಬರೆದಳು: "ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಗೌರಿಯ ಉಸಿರು ನಿಂತಿತು. ಅವಳ ತಾಯಿ ಅವಳನ್ನು ಎತ್ತಿಕೊಂಡಿದ್ದಳು." ಇಂಗ್ಲಿಷಿನಲ್ಲಿ ಎರಡೇ ಸಣ್ಣ ವಾಕ್ಯ. ತಿದ್ದಲು ಒಂದು ಚುಕ್ಕೆಯೂ ಇರಲಿಲ್ಲ.

ಮಾರನೆಯ ದಿನ ಮೇಟ್ರನ್ ಅದನ್ನು ಓದಿ, "ಎರಡನೆಯ ವಾಕ್ಯ ವರದಿಗೆ ಬೇಕಾಗಿಲ್ಲ," ಅಂದರು.

"ಅದು ನಡೆದದ್ದು ಮೇಡಂ. ನಾನು ನೋಡಿದ್ದೇನೆ," ಅಂದಳು ದೇವೀರಮ್ಮ, ಪೂರ್ತಿ ವಾಕ್ಯದಲ್ಲಿ, ಇಂಗ್ಲಿಷಿನಲ್ಲಿ.

ಅವರು ಅದನ್ನು ಹೊಡೆದುಹಾಕದೆ ಕೆಳಗೆ ಸಹಿ ಹಾಕಿದರು.

ಮೂರು ವಾರದ ಮೇಲೆ ಗೌರಿಯ ಅಪ್ಪ ಪುಟ್ಟಸ್ವಾಮಿ ಬಂದ. ಜಗಲಿಯ ಕಂಬದ ಹತ್ತಿರ ನಿಂತಿದ್ದ. ಏನು ಬೇಕು ಅಂತ ಕೇಳಿದೆ.

"ನಮ್ಮೆಂಗ್ಸು ಅನ್ನ ನೀರು ಬುಟ್ಟವ್ಳೆ ಅವ್ವ. ನಾನು ತೂಕಡ್ಸಿದ್ದೆ, ಕೂಸು ಯಾರೂ ಇಲ್ದಂಗೆ ಒಂಟಿಯಾಗಿ ಓಯ್ತು ಅಂತ ಒಂದೇ ಸಮ್ನೆ ಬಡ್ಕೊತಾಳೆ. ಅವಳ್ಗೆ ಅವತ್ತಿಂದು ಏನೂ ಗ್ಯಾನ ಇಲ್ಲ. ನಾನು ಔಸ್ತಿ ತರಕ್ಕೆ ಓಗಿದ್ದೆ. ನೀವು ಎಲ್ಲಾನೂ ಬರ್ದಿಡ್ತೀರಂತೆ. ಅದ್ರಾಗೆ ಏನೈತೆ ನೋಡಿ ಏಳ್ತೀರಾ?"

ಮೇಟ್ರನ್ನರನ್ನು ಕೇಳಿ ಆ ಕಾಗದ ತಂದೆ. ಎರಡೂ ವಾಕ್ಯಗಳನ್ನು ಮೊದಲು ಇಂಗ್ಲಿಷಿನಲ್ಲಿ ಓದಿ ಆಮೇಲೆ ಕನ್ನಡದಲ್ಲಿ ಹೇಳಿದೆ.

"ಎತ್ಕೊಂಡಿದ್ಲು ಅಂತ ಬರ್ದವ್ರಾ?"

"ಬರೆದಿದ್ದಾರೆ."

"ಇಂಗ್ಲೀಷ್ನಾಗೇ?"

"ಇಂಗ್ಲಿಷಿನಲ್ಲೇ. ದೊರೆಸಾನಿ ಸಹಿಯೂ ಇದೆ."

ಅವನು ಆ ಕಾಗದವನ್ನು ಮುಟ್ಟಲಿಲ್ಲ. ಹತ್ತಿರ ಬಗ್ಗಿ ನೋಡಿದ. "ನಾಳೀಕೆ ಒತ್ತಾರೆ ಬಸ್ಸಿಗೆ ಅವಳ್ನ ಕರ್ಕೊಂಡು ಬತ್ತೀನಿ. ನಾನೇಳುದ್ರೆ ನಂಬಕ್ಕಿಲ್ಲ. ನೀವೇ ಓದಿ," ಅಂದ.

ಮಾರನೆಯ ದಿನ ಜಯಮ್ಮ ಬಂದಳು. ಸೀರೆಯಲ್ಲಿ ಬರೀ ಮೂಳೆ. ನಾನು ಓದಿದೆ. ಅವಳು ನನ್ನನ್ನು ನೋಡದೆ ದೇವೀರಮ್ಮನನ್ನೇ ನೋಡುತ್ತಿದ್ದಳು.

"ನಾನು ತೂಕಡ್ಸಿರ್ನಿಲ್ವಾ ಅಕ್ಕ?" ಅಂತ ಕೇಳಿದಳು.

ದೇವೀರಮ್ಮ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತಳು. "ತೂಕಡ್ಸಿರ್ನಿಲ್ಲ ಕಣವ್ವ. ನಾನೇ ಕೂಸ್ನ ನಿನ್ ಮಡ್ಲಿಗೆ ಆಕ್ದೆ. ನೀನು ತಬ್ಕೊಂಡು ಅದ್ರ ತಲೆ ಸವರ್ತಿದ್ದೆ. ಉಸಿರು ನಿಂತ ಮ್ಯಾಲೂ ಸವರ್ತಾನೇ ಇದ್ದೆ. ನಾನು ನೋಡ್ತಿದ್ದೆ, ಅದಕ್ಕೇ ಬರದೆ."

ಜಯಮ್ಮ ತನ್ನ ಬಲಗೈಯನ್ನು ತಿರುಗಿಸಿ ಅಂಗೈ ನೋಡಿಕೊಂಡಳು. ಬಹಳ ಹೊತ್ತು ಅತ್ತಳು. ನಾವು ಯಾರೂ 'ಅಳಬೇಡ' ಅನ್ನಲಿಲ್ಲ. ಬಾಗಿಲಲ್ಲಿ ಬಂದು ನಿಂತಿದ್ದ ಮಿಸ್ ಹಾರ್ಟನ್ನರೂ ಅನ್ನಲಿಲ್ಲ. ಅಳು ನಿಂತ ಮೇಲೆ ದೇವೀರಮ್ಮ ಅಡಿಗೆಮನೆಯಿಂದ ಮುದ್ದೆ, ಹುರುಳಿಕಾಳಿನ ಸಾರು ತಂದಿಟ್ಟಳು. ಪುಟ್ಟಸ್ವಾಮಿ ಗೋಡೆಯ ಕಡೆ ತಿರುಗಿ ನಿಂತ. ಜಯಮ್ಮ ಒಂದು ತುತ್ತು ಮುರಿದು ಸಾರಿನಲ್ಲಿ ಹೊರಳಿಸಿದಳು; ನುಂಗಿದಳು; ಇನ್ನೊಂದು ಮುರಿದಳು.